ಕೆನ್ನೆಯ ಮೇಲಿನ ಗೀರು

ಮೂವತ್ತು ವರ್ಷ ಊರವರ ಕೆನ್ನೆಯ ಮೇಲೆ ಕತ್ತಿ ಆಡಿಸಿ ಒಬ್ಬರಿಗೂ ಗಾಯ ಮಾಡದ ಕ್ಷೌರಿಕ ಆ ಬೆಳಿಗ್ಗೆ ತನ್ನ ಕೆನ್ನೆಯನ್ನೇ ಕೊಯ್ದುಕೊಂಡ. ತಪ್ಪು ಸೊಂಟದ್ದು. ಅಂಗಡಿಯಲ್ಲಿ ನಿಂತು ನಿಂತು ಕೆಟ್ಟಿದ್ದ ಆ ಸೊಂಟ, ಕನ್ನಡಿಯತ್ತ ಬಾಗಿದ್ದೇ ತಡ, ಚಳಕ್ಕೆಂದಿತು. ಕೈ ಜಾರಿತು.

ಅವತ್ತೇ ಬೆನ್ನಿಗೆ ಇಂಜೆಕ್ಷನ್. ನಾಲ್ಕು ತಿಂಗಳು ಕಾದು ಸಿಕ್ಕ ದಿನ. ಗಡ್ಡ ಬಿಟ್ಟುಕೊಂಡು ಡಾಕ್ಟರ ಮುಂದೆ ಮಲಗಿದರೆ ಕಸುಬಿಗೇ ಅವಮಾನ ಎಂದು ಶೇವಿಂಗಿಗೆ ಕೂತಿದ್ದ.

ಪಟಿಕದ ತುಂಡು ಒತ್ತಿದ. ಇಂಥ ಗೀರು ಎರಡು ನಿಮಿಷದಲ್ಲಿ ಒಣಗಬೇಕು ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಕಾಲು ಗಂಟೆಯಾದರೂ ರಕ್ತ ಜಿನುಗುತ್ತಲೇ ಇತ್ತು. ಹೃದಯದ ಬಡಿತ ಏರುಪೇರಾಗುತ್ತದೆಂದು ಅವನು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದ. ಇಂಜೆಕ್ಷನ್ ಕೊಡುವ ಡಾಕ್ಟರು ಹೃದಯದ ಡಾಕ್ಟರನ್ನೂ ಕೇಳಿ, ಮೂರು ದಿನ ಅದನ್ನು ನಿಲ್ಲಿಸಿ ಬನ್ನಿ ಎಂದಿದ್ದರು. ಇಲ್ಲದಿದ್ದರೆ ಸೂಜಿ ಹೋದ ಕಡೆ ರಕ್ತ ಸೋರಿ, ನರ ಅದುಮಿ, ಕಾಲಿನ ಸ್ವಾಧೀನವೇ ಹೋಗಬಹುದು. ಆದರೆ ನಿಲ್ಲಿಸಿದ್ದನಲ್ಲ, ಆ ಗುಲಾಬಿ ಮಾತ್ರೆಯನ್ನು!

"ಏನ್ರೀ ಇದು, ಇನ್ನೂ ನಿಂತಿಲ್ವಾ? ಡಾಕ್ಟರಿಗೆ ಹೇಳಿ" ಎಂದಳು ಹೆಂಡತಿ.

"ಹೇಳಿದ್ರೆ ಇನ್ನೂ ನಾಲ್ಕು ತಿಂಗಳು ಕಾಯ್ಬೇಕು. ಪೌಡರ್ ಕೊಡು, ಕಾಣಲ್ಲ."

ಆಸ್ಪತ್ರೆಯಲ್ಲಿ ಬೆನ್ನು ತೆರೆದ ನಿಲುವಂಗಿ ತೊಡಿಸಿದ ನರ್ಸ್ ಕೇಳಿದಳು, "ರಕ್ತದ ಮಾತ್ರೆ ನಿಲ್ಲಿಸಿ ಎಷ್ಟು ದಿನ ಆಯ್ತು?"

"ಮೂರು ದಿನ."

ಆಕೆ ಬರೆದುಕೊಂಡು ಹೊರಟಳು. ಅಷ್ಟರಲ್ಲಿ ಪೌಡರ್ ಒದ್ದೆಯಾಗಿ ಗದ್ದದಿಂದ ಒಂದು ಹನಿ ಕೈಮೇಲೆ ಬಿತ್ತು. ಊರಿಗೆಲ್ಲ ಸುಳ್ಳು ಹೇಳಬಹುದು, ಕಸುಬಿಗೆ ಹೇಳುವುದು ಹೇಗೆ?

"ಸಿಸ್ಟರ್, ಒಂದ್ನಿಮಿಷ. ಇದು ಬೆಳಿಗ್ಗೆ ಕೊಯ್ದಿದ್ದು. ಇಷ್ಟು ಹೊತ್ತು ಸೋರ್ಬಾರದು."

ಡಾಕ್ಟರ್ ಬಂದು ಮಾತ್ರೆಗಳನ್ನು ತೋರಿಸಲು ಹೇಳಿದರು. ಹೆಂಡತಿ ಚೀಲ ಸುರಿದಳು. ಗುಲಾಬಿಯದು ಹೊಟ್ಟೆ ಉರಿಯ ಮಾತ್ರೆ! ಈ ತಿಂಗಳು ಔಷಧಿ ಅಂಗಡಿಯವನು ಬೇರೆ ಕಂಪನಿಯವು ಕೊಟ್ಟಿದ್ದ, ಗುಲಾಬಿಯಿದ್ದ ರಕ್ತದ ಮಾತ್ರೆ ಹಳದಿಯಾಗಿತ್ತು, ಹಳದಿಯಿದ್ದ ಹೊಟ್ಟೆಯದು ಗುಲಾಬಿಯಾಗಿತ್ತು. ತನ್ನ ಕ್ಷೌರದಂಗಡಿಯ ಬಾಟಲಿಗಳನ್ನೆಲ್ಲ ಬಣ್ಣ ನೋಡಿಯೇ ಎತ್ತುವವನು ಮಾತ್ರೆಯ ಹೆಸರು ಯಾಕೆ ಓದಿಯಾನು? ಹಳದಿಯನ್ನು ಬೆಳಿಗ್ಗೆಯೂ ನುಂಗಿಯೇ ಬಂದಿದ್ದ.

"ಹೇಳಿ ಬಚಾವಾದ್ರಿ" ಎಂದರು ಡಾಕ್ಟರ್. "ಬರೋ ವಾರ ಬನ್ನಿ."

ಬರೀ ಒಂದು ವಾರ! ಇಷ್ಟಕ್ಕೆ ಪೌಡರ್ ಮೆತ್ತಿಕೊಂಡಿದ್ದು! ದಾರಿಯುದ್ದಕ್ಕೂ ಹೆಂಡತಿ ಮಾಡಿದ ಮಂಗಳಾರತಿಯನ್ನು ಅವನು ತಲೆ ತಗ್ಗಿಸಿ ಕೇಳಿದ.

ಮುಂದಿನ ವಾರ ಮೂರು ದಿನ ಮೊದಲೇ ಹಳದಿ ಮಾತ್ರೆಯನ್ನು ಹೆಸರು ಓದಿ ಬದಿಗೆ ತೆಗೆದಿಟ್ಟವಳು ಅವಳೇ. ಇಂಜೆಕ್ಷನ್ ಆಯಿತು. ಅವನನ್ನು ಮಂಚಕ್ಕೆ ತಂದು ಮಲಗಿಸಿದ್ದೇ ತಡ, ಅವಳು ಹೊದಿಕೆ ಸರಿಸಿ ಕಾಲ ಹೆಬ್ಬೆರಳನ್ನು ಜೋರಾಗಿ ಚಿವುಟಿದಳು.

"ಅಯ್ಯೋ! ನೋಯುತ್ತೆ ಕಣೇ!"

"ಈ ಕಾಲು?"

"ಅದೂ ನೋಯುತ್ತೆ, ಬಿಡೇ!"

ವರ್ಷಗಟ್ಟಲೆ ಅವನ ನೋವಿನ ಮಾತು ಕೇಳಿ ಕೇಳಿ ಬೇಸತ್ತವಳಿಗೆ ಹೋದ ಜೀವ ಬಂದಂತಾಯಿತು. ಸ್ಟೂಲಿನ ಮೇಲೆ ಕುಸಿದು ಕೂತು, ನಗುತ್ತಲೇ ಕಣ್ಣೊರೆಸಿಕೊಂಡಳು.

"ಮತ್ತೆ ಸೊಂಟ?"

ಅವನು ಸ್ವಲ್ಪ ಹೊರಳಿ ನೋಡಿದ.

"ಅದು ಯಾಕೋ ಸುಮ್ನಿದೆ."