ಪಲ್ಕೆಕೋಡಿಯಲ್ಲಿ ಬಸ್ಸು ತಿರುಗಿದ್ದು

ಸಿದ್ಧಕಟ್ಟೆಯಿಂದ ಒಳಗೆ ಎರಡೂವರೆ ಮೈಲಿ ಬಂದರೆ ನಮ್ಮ ಪಲ್ಕೆಕೋಡಿ. ರಸ್ತೆ ಅಲ್ಲಿಗೆ ಮುಗಿಯುತ್ತದೆ. ಮುಗಿಯುವಲ್ಲಿ ಎಡಕ್ಕೆ ಒಂದು ಹಲಸಿನ ಮರ, ಬಲಕ್ಕೆ ಮಳೆನೀರು ಹರಿಯುವ ಆಳದ ತೋಡು, ನಡುವೆ ಒಂದು ಅಂಗಳದಷ್ಟು ಜಾಗ. ಎಪ್ಪತ್ತೆರಡನೆಯ ಇಸವಿಯಲ್ಲಿ ಮೂಡುಬಿದಿರೆಯ ಹಸಿರು ಬಸ್ಸಿಗೆ ಅಲ್ಲಿಯವರೆಗೆ ಪರ್ಮಿಟ್ ಆಯಿತು. ಬೆಳಿಗ್ಗೆ ಏಳೂವರೆಗೆ ಬಂದು, ಹಲಸಿನ ಮರದ ಬುಡದಲ್ಲಿ ತಿರುಗಿ, ನಮ್ಮನ್ನು ಹತ್ತಿಸಿಕೊಂಡು ಹೋಗುತ್ತಿತ್ತು. ಸಂಜೆ ಆರಕ್ಕೆ ತಂದು ಇಳಿಸುತ್ತಿತ್ತು.

ಡ್ರೈವರ್ ಶೀನಪ್ಪ ನನ್ನ ಓರಗೆಯವನು. ಅಷ್ಟು ಚಿಕ್ಕ ಜಾಗದಲ್ಲಿ ಬಸ್ಸನ್ನು ಒಂದೇ ಸುತ್ತಿಗೆ ತಿರುಗಿಸುತ್ತಿದ್ದ. ಹಿಂದೆ ತೆಗೆಯುವುದಿಲ್ಲ, ನಿಲ್ಲಿಸುವುದಿಲ್ಲ. ಆರು ವರ್ಷ ನಾವು ಅದನ್ನು ದಿನಾ ನೋಡಿದೆವು. ನೋಡಿದ್ದೆಂದರೆ, ಸೀಟು ಸಿಗುತ್ತದೋ ಇಲ್ಲವೋ ಎಂದು ನೋಡಿದೆವು, ಅಷ್ಟೇ.

ಮರದ ಪಕ್ಕದ ಮನೆ ಅಮ್ಮಣ್ಣಿಯಕ್ಕನದು. ಬಸ್ಸು ಬರತೊಡಗಿದ ಮೊದಲ ವಾರ ಶೀನಪ್ಪ ಅವರಿಗೆ ಒಂದು ಮಾತು ಹೇಳಿದ್ದ: "ಅಕ್ಕ, ಹಲಸಿನ ಎಲೆ ಬಿದ್ದರೆ ತೋಡಿನ ಅಂಚು ಎಲ್ಲಿ ಅಂತ ಗೊತ್ತಾಗುದಿಲ್ಲ." ಮರುದಿನದಿಂದ ಅವರು ತಮ್ಮ ಅಂಗಳ ಗುಡಿಸಿದ ಮೇಲೆ ಅದೇ ಹಿಡಿಸೂಡಿಯಲ್ಲಿ ಬಸ್ಸಿನ ಜಾಗವನ್ನೂ ಗುಡಿಸಿದರು. ಒಂದು ದಿನ ತಪ್ಪಿಸಿದ್ದನ್ನು ನಾನು ಕಂಡಿಲ್ಲ.

ಎಪ್ಪತ್ತೆಂಟರ ಜನವರಿಯಲ್ಲಿ ಶೀನಪ್ಪನನ್ನು ಮಂಗಳೂರಿನ ಬಸ್ಸಿಗೆ ಹಾಕಿದರು. ಆಮೇಲೆ ನಮ್ಮ ಬಸ್ಸು ಸಿದ್ಧಕಟ್ಟೆಯಲ್ಲೇ ತಿರುಗಿತು. ಮೊದಲು ಟಯರು ಸರಿ ಇಲ್ಲ ಎಂದರು, ಆಮೇಲೆ ರಸ್ತೆ ಸರಿ ಇಲ್ಲ ಎಂದರು, ಆಮೇಲೆ ಏನೂ ಹೇಳಲಿಲ್ಲ. ಅಮ್ಮಣ್ಣಿಯಕ್ಕ ಮಾತ್ರ ಗುಡಿಸುವುದನ್ನು ಬಿಡಲಿಲ್ಲ.

"ಅಕ್ಕ, ಬಾರದ ಬಸ್ಸಿಗೆ ಯಾಕೆ ಗುಡಿಸುದು?" ಎಂದು ನಾನು ಒಮ್ಮೆ ಕೇಳಿದೆ.

"ನಾಳೆ ಬಂದರೆ? ಬಸ್ಸನ್ನು ದಾರಿಯಲ್ಲಿ ನಿಲ್ಲಿಸಿ ಗುಡಿಸುದಾ ಮಾರಾಯ?"

ನನ್ನ ಮಗಳು ಸರಸ ಆಗ ಮೂಡುಬಿದಿರೆಯ ಹೈಸ್ಕೂಲಿನಲ್ಲಿ ಎಂಟನೆಯ ಕ್ಲಾಸು. ಮಾರ್ಚಿಯವರೆಗೆ ಹೇಗೋ ಸಿದ್ಧಕಟ್ಟೆಗೆ ನಡೆದಳು. ಮಳೆಗಾಲದಲ್ಲಿ ಹಾಗಲ್ಲ. ಆ ದಾರಿಯ ಹಾಡಿಯಲ್ಲಿ ಮರಗಳು ದಟ್ಟ, ಸಂಜೆ ಐದಕ್ಕೇ ಕಪ್ಪಾಗುತ್ತದೆ. "ಎರಡೂವರೆ ಮೈಲಿ ಹುಡುಗಿ ಒಬ್ಬಳೇ ಬರುದು ಬೇಡ. ಬಸ್ಸು ಉಂಟಾದರೆ ಶಾಲೆ, ಇಲ್ಲದಿದ್ದರೆ ಇಲ್ಲ," ಎಂದಳು ನನ್ನ ಹೆಂಡತಿ ಕಾಂತಿ. ನಾನು ಹೂಂ ಎಂದೆ. ಸರಸ ಒಳಗೆ ಪುಸ್ತಕಕ್ಕೆ ಬೈಂಡು ಹಾಕುತ್ತಿದ್ದವಳು ಕೈ ನಿಲ್ಲಿಸಿದಳು.

ಬಸ್ಸು ಮತ್ತೆ ಬರಬೇಕೆಂದು ನಾವು ಆರ್‌ಟಿಒ ಕಚೇರಿಗೆ ಬರೆದ ಅರ್ಜಿಗೆ ಮೇ ತಿಂಗಳಲ್ಲಿ ಉತ್ತರ ಬಂತು. ಪಲ್ಕೆಕೋಡಿಯಲ್ಲಿ ಬಸ್ಸು ತಿರುಗಿಸಲು ಜಾಗವಿಲ್ಲ, ಪರ್ಮಿಟ್ಟನ್ನು ಸಿದ್ಧಕಟ್ಟೆಗೆ ನಿಲ್ಲಿಸಬೇಕು ಎಂದು ಬಸ್ಸಿನ ಧಣಿಗಳೂ ಅರ್ಜಿ ಹಾಕಿದ್ದರಂತೆ. ಬ್ರೇಕ್ ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ, ಅವರು ಬರೆದದ್ದೇ ಕೊನೆ.

ನಾನು ಕೆಂಪುಕಲ್ಲು ಕಡಿಯುವವನು. ಹೇಳಿದ್ದನ್ನು ನಂಬುವುದಕ್ಕಿಂತ ನೂಲು ಹಿಡಿದು ನೋಡುವುದು ನನ್ನ ಅಭ್ಯಾಸ. ಸಿದ್ಧಕಟ್ಟೆಗೆ ಹೋಗಿ, ಬಸ್ಸು ತಿರುಗಿದ ಗುರುತಿಗೆ ನೂಲು ಹಿಡಿದು ಗಂಟು ಹಾಕಿ ತಂದೆ. ನಮ್ಮ ಜಾಗದಲ್ಲಿ ಹಾಸಿ ನೋಡಿದರೆ ಮೂರು ಗೇಣು ಕಡಿಮೆ. ಇನ್ನೊಮ್ಮೆ ಹಾಸಿದೆ. ಮೂರೇ ಗೇಣು. ಧಣಿಗಳು ಹೇಳಿದ್ದು ಸುಳ್ಳಲ್ಲ ಎಂದಾಯಿತು. ಹಾಗಾದರೆ ಶೀನಪ್ಪ ಆರು ವರ್ಷ ಮಾಡಿದ್ದೇನು? ನೂಲನ್ನು ಸುತ್ತಿ ಕಿಸೆಗೆ ಹಾಕಿಕೊಂಡೆ. ಕಾಂತಿಗೂ ಹೇಳಲಿಲ್ಲ.

ಇನ್‌ಸ್ಪೆಕ್ಟರ್ ಗಜಾನನ ರಾಯರು ನಮ್ಮ ಹಸಿರು ಬಸ್ಸಿನಲ್ಲೇ ಬಂದರು. ಹೊಸ ಡ್ರೈವರ್ ಸುಧಾಕರ, ಕಂಡಕ್ಟರ್ ಹನೀಫಾ. ಊರಿನವರು ಹತ್ತಿಪ್ಪತ್ತು ಮಂದಿ ಸೇರಿದ್ದೆವು. ರಾಯರು ಇಳಿದು ನೆಲ ನೋಡಿದರು.

"ಐದು ತಿಂಗಳಿಂದ ಬಸ್ಸು ಬಂದಿಲ್ಲ ಅಂತ ಬರೆದಿದ್ದೀರಿ. ಜಾಗ ನೋಡಿದರೆ ನಿನ್ನೆ ಬಂದ ಹಾಗೆ ಉಂಟಲ್ಲ?"

"ಗುಡಿಸುವವರು ಇದ್ದಾರೆ ಸ್ವಾಮಿ," ಎಂದೆ. ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

"ಆಗಲಿ. ತಿರುಗಿಸಿ ನೋಡುವ."

ಸುಧಾಕರ ಕೆಟ್ಟವನಲ್ಲ. ಅವನ ಕುತ್ತಿಗೆಯಲ್ಲಿ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು. ಮರದ ದೊಡ್ಡ ಬೇರೊಂದು ನೆಲದಿಂದ ಮೇಲೆದ್ದು ಜಾಗದೊಳಗೆ ಚಾಚಿಕೊಂಡಿದೆ. ಅದಕ್ಕೆ ಹಿಂದಿನ ಚಕ್ರ ತಾಗಬಾರದೆಂದು ಅವನು ಬಸ್ಸನ್ನು ತೋಡಿನ ಕಡೆಗೆ ಬಿಟ್ಟ. ಮುಂದಿನ ಚಕ್ರ ಅಂಚಿಗೆ ಬಂತು.

"ಹೋಲ್ಡಾನ್! ಹೋಲ್ಡಾನ್!" ಹನೀಫಾ ಬಸ್ಸಿನ ತಗಡಿಗೆ ಬಡಿದ.

ಎರಡನೆಯ ಸಲ ಅಂಚಿನ ಮಣ್ಣು ಕುಸಿದು, ಎರಡು ಕಲ್ಲು ತೋಡಿಗೆ ಬಿದ್ದ ಸದ್ದು ಎಲ್ಲರಿಗೂ ಕೇಳಿತು. ಸುಧಾಕರ ಬಸ್ಸು ಹಿಂದೆ ತೆಗೆದು ಇಂಜಿನ್ ನಿಲ್ಲಿಸಿದ.

"ಆಗುದಿಲ್ಲ ಸರ್. ಇದು ಎತ್ತಿನ ಗಾಡಿ ತಿರುಗುವ ಜಾಗ."

ರಾಯರು ಪೆನ್ನು ತೆಗೆದರು. ಸರಸ ನನ್ನ ಪಕ್ಕದಲ್ಲಿ ನಿಂತಿದ್ದಳು. ನಾನು ಅವಳ ಮುಖ ನೋಡಲಿಲ್ಲ. ಕಿಸೆಯಲ್ಲಿದ್ದ ನೂಲಿನ ಗಂಟು ಕೈಗೆ ಸಿಕ್ಕಿತು.

ಆಗ ಅಮ್ಮಣ್ಣಿಯಕ್ಕ ಹಿಡಿಸೂಡಿ ಹಿಡಿದುಕೊಂಡು ನಡುವೆ ಬಂದರು. ಬಸ್ಸು ಕೆದರಿದ ಮಣ್ಣನ್ನು ಮೊದಲು ಗುಡಿಸಿ ಸಮ ಮಾಡಿದರು.

"ಅಕ್ಕ, ಮದುವೆ ಉಂಟಾ ಇಲ್ಲಿ? ರಂಗೋಲಿಯೂ ಹಾಕಿಬಿಡಿ," ಎಂದ ಹನೀಫಾ.

"ಹಾಕುದೇ. ನೀನು ಕಾಲು ತೆಗಿ."

ಹಿಡಿಸೂಡಿಯನ್ನು ತಿರುಗಿಸಿ ಹಿಡಿದು, ಅದರ ಬುಡದಿಂದ ನೆಲದ ಮೇಲೆ ಗೆರೆ ಎಳೆಯತೊಡಗಿದರು. ರಸ್ತೆಯ ಬಾಯಿಯಿಂದ ಹೊರಟ ಗೆರೆ ತೋಡಿನ ಅಂಚಿಗೆ ಎರಡು ಗೇಣು ಇರುವಾಗ ಬಾಗಿತು. ಬಾಗಿ, ಬಾಗಿ, ಸುತ್ತು ಬಂದು ರಸ್ತೆಗೇ ಸೇರಿತು. ಅವರು ಎಲ್ಲಿಯೂ ನಿಲ್ಲಲಿಲ್ಲ, ಹಿಂದೆ ತಿರುಗಿ ನೋಡಲಿಲ್ಲ. ಅನಂತರ ಮರದ ಬದಿಗೆ ಹೋಗಿ ಇನ್ನೊಂದು ಗೆರೆ. ಅದು ನೇರ ಬೇರಿನ ಮೇಲೆ ಹತ್ತಿ ಇಳಿಯಿತು.

"ಇದು ಮುಂದಿನ ಚಕ್ರದ್ದು. ಇದು ಹಿಂದಿನದ್ದು," ಎಂದರು. "ಮಗ, ನೀನು ಬೇರಿಗೆ ಹೆದರಿದೆ. ಬೇರಿನ ಮೇಲೆ ಹತ್ತಿಸದೆ ಇಲ್ಲಿ ತಿರುಗುದಿಲ್ಲ. ಶೀನಪ್ಪ ದಿನಾ ಹತ್ತಿಸಿದ್ದಾನೆ. ನೋಡು, ತೊಗಟೆ ಇಲ್ಲ."

ನಾನೂ ಬಗ್ಗಿ ನೋಡಿದೆ. ಗೆರೆ ಹಾದ ಕಡೆಯಲ್ಲೇ ಬೇರು ಸವೆದು ನುಣ್ಣಗಾಗಿತ್ತು. ಮೂರು ಗೇಣು ಎಲ್ಲಿತ್ತೆಂದು ಆಗ ಗೊತ್ತಾಯಿತು.

"ನಿಮಗೆ ಇದು ಹೇಗೆ ಗೊತ್ತಮ್ಮ?" ರಾಯರು ಕೇಳಿದರು.

"ದಿನಾ ಬೆಳಿಗ್ಗೆ ಚಕ್ರದ ಗುರುತು ಅಳಿಸ್ತಿದ್ದದ್ದು ನಾನೇ ಅಲ್ಲವಾ ಸ್ವಾಮಿ," ಎಂದರು ಅಮ್ಮಣ್ಣಿಯಕ್ಕ. "ಇವತ್ತು ಅಳಿಸಿದರೆ ನಾಳೆ ಅಲ್ಲಿಯೇ ಇರ್ತಿತ್ತು. ಒಂದು ಬೆರಳು ಆಚೆ ಇಲ್ಲ, ಈಚೆ ಇಲ್ಲ."

ಸುಧಾಕರ ರಾಯರ ಮುಖ ನೋಡಿದ. ರಾಯರು ತಲೆಯಾಡಿಸಿದರು. ಅವನು ಇಂಜಿನ್ ಚಾಲೂ ಮಾಡಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಗೆರೆಯ ಮೇಲೆ ಚಕ್ರ ಇಟ್ಟ. ಬೇರಿನ ಪಕ್ಕದಲ್ಲಿ ಅಮ್ಮಣ್ಣಿಯಕ್ಕ ನಿಂತಿದ್ದರು. ಹನೀಫಾ ತಗಡಿಗೆ ಬಡಿಯಲು ಕೈ ಎತ್ತಿ ಹಿಡಿದಿದ್ದ. ಬಸ್ಸು ತೋಡಿನ ಕಡೆಗೆ ಹೋಯಿತು, ಬಾಗಿತು. ಹಿಂದಿನ ಚಕ್ರ ಬೇರಿನ ಬುಡಕ್ಕೆ ತಾಗಿ ಒಂದು ಕ್ಷಣ ತಡೆಯಿತು.

"ಬಿಡು! ಹೆದರಬೇಡ, ಬಿಡು!" ಅಮ್ಮಣ್ಣಿಯಕ್ಕ ಕೂಗಿದರು.

ಅಷ್ಟು ದೊಡ್ಡ ಬಸ್ಸು ಒಂದು ಬದಿಗೆ ಮೇಲೆದ್ದಿತು, ಬೇರಿನ ಮೇಲೆ ಹತ್ತಿತು, ಮೆಲ್ಲನೆ ಇಳಿಯಿತು. ನಾವು ಉಸಿರು ಬಿಡುವಾಗ ಅದರ ಮೂತಿ ಸಿದ್ಧಕಟ್ಟೆಯ ಕಡೆಗಿತ್ತು.

ರಾಯರು ಬಸ್ಸಿನ ಹಿಂದೆ ಬಂದು ಕುಕ್ಕರಗಾಲಲ್ಲಿ ಕೂತರು. ಅಮ್ಮಣ್ಣಿಯಕ್ಕನ ಗೆರೆ ಎಲ್ಲಿಯೂ ಕಾಣಲಿಲ್ಲ. ಅದಿದ್ದಲ್ಲೆಲ್ಲ ಚಕ್ರದ ಗುರುತಿತ್ತು. ಅವರು ಅದರ ಉದ್ದಕ್ಕೂ ನಡೆದರು, ಕೊನೆಯವರೆಗೆ ಹೋಗಿ ತಿರುಗಿ ಬಂದರು. ಬರುವಾಗ ಗುರುತಿನ ಮೇಲೆ ಕಾಲಿಡದೆ ಬದಿಯಲ್ಲಿ ನಡೆದರು. ದೇವರ ಮುಂದೆ ಚೆಲ್ಲಿದ ಅಕ್ಕಿಯನ್ನು ತಪ್ಪಿಸಿ ನಡೆಯುವ ಹಾಗೆ ಕಂಡಿತು ನನಗೆ. ಆಮೇಲೆ ನಿಂತುಕೊಂಡೇ ಕಾಗದದಲ್ಲಿ ಬರೆದರು.

"ತಿರುಗುತ್ತದೆ ಅಂತ ಬರೆದಿದ್ದೇನೆ," ಎಂದರು. "ಮಳೆಗಾಲದಲ್ಲಿಯೂ ಬರಬೇಕು. ಕೇಳಿತಾ ಕಂಡಕ್ಟರೇ?"

"ನಾನು ಎಂಥ ಹೇಳುದು ಸರ್," ಎಂದ ಹನೀಫಾ. "ಅಕ್ಕನನ್ನೇ ಕೇಳಿ. ಇನ್ನು ಬಸ್ಸು ಅವರದ್ದು."

ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನಾನು ಕಲ್ಲು ಕಡಿಯುವವನ ಕಣ್ಣಿನಿಂದ ಎಷ್ಟೋ ಸಲ ನೋಡಿದ್ದೇನೆ. ಅದನ್ನು ಮಾಡಿದವರ ಕೈಯಲ್ಲಿ ನೂಲಿತ್ತು, ಉಳಿಯಿತ್ತು. ನೂಲಿಲ್ಲದೆ ನನಗೆ ಒಂದು ಮಾರು ಗೆರೆ ನೇರ ಬರುವುದಿಲ್ಲ. ಆರು ವರ್ಷ ಅಳಿಸಿದ್ದನ್ನು ಅಳಿಸಿದಲ್ಲಿಯೇ ತಿರುಗಿ ಎಳೆದ ಆ ಕೈಯನ್ನು ನೆನೆದು ಇವತ್ತಿಗೂ ಒಮ್ಮೊಮ್ಮೆ ಕಿಸೆಯ ನೂಲನ್ನು ಮುಟ್ಟಿ ನೋಡುತ್ತೇನೆ.

ಜೂನ್ ಒಂದಕ್ಕೆ ಶಾಲೆ ಶುರುವಾಯಿತು. ರಾತ್ರಿ ಮಳೆ ಬಂದು ನೆಲ ಮೆತ್ತಗಿತ್ತು. ಏಳೂವರೆಗೆ ಬಸ್ಸು ಬಂತು. ಗೆರೆ ಇರಲಿಲ್ಲ. ಸುಧಾಕರ ಮರದ ಬುಡ ಒಮ್ಮೆ ನೋಡಿ, ನಿಲ್ಲಿಸದೆ ತಿರುಗಿಸಿದ. ಸರಸ ಓಡಿ ಹತ್ತಿ ಕಿಟಕಿಯ ಬಳಿ ಕೂತಳು, ಕೈ ಬೀಸುವುದನ್ನು ಮರೆತಳು. ಬಸ್ಸು ಹೋದ ಮೇಲೆ ಹಸಿ ಮಣ್ಣಿನಲ್ಲಿ ಎರಡು ಗುರುತು ಉಳಿದವು, ಒಂದು ತೋಡಿನ ಬದಿಯಲ್ಲಿ ಬಾಗಿದ್ದು, ಒಂದು ಬೇರಿನ ಮೇಲೆ ಹತ್ತಿದ್ದು. ನಾನು ಅವುಗಳ ನಡುವೆ ನಿಂತೆ. ಎಷ್ಟು ಹೊತ್ತು ನಿಂತೆನೋ.

ಹಿಂದಿನಿಂದ ಹಿಡಿಸೂಡಿಯ ಸದ್ದು ಕೇಳಿತು.

"ಸ್ವಲ್ಪ ಇರಿ ಅಕ್ಕ. ನೋಡ್ತೇನೆ," ಎಂದೆ.

ಅಮ್ಮಣ್ಣಿಯಕ್ಕ ಗುರುತಿನ ಹೊರಗಿನ ಎಲೆಯನ್ನಷ್ಟೇ ಗುಡಿಸಿದರು. ಆಮೇಲೆ ಹಿಡಿಸೂಡಿಯಿಂದ ನನ್ನ ಕಾಲಿಗೆ ತಟ್ಟಿದರು.

"ನೋಡಿ ಆಯಿತಾ ಕುಶಾಲಪ್ಪ? ಆಚೆ ಹೋಗು. ಸಂಜೆ ಬಸ್ಸು ಬರ್ಲಿಕ್ಕುಂಟು, ಎಲೆ ಬಿದ್ದಿದೆ."