ಬಚ್ಚಲುಮನೆಯ ಸರ್ಕಾರ

ಒತಾಕರ್ ವ್ರಾನೆಕ್ ರಾಷ್ಟ್ರಾಧ್ಯಕ್ಷನಾದ ವಾರದಲ್ಲೇ ಅವನ ಹೆಂಡತಿ ಬ್ಲಾಝೆನಾಳಿಗೆ ಒಂದು ಸಂಗತಿ ಖಚಿತವಾಯಿತು. ನಲ್ಲಿ ತಿರುಗಿಸದೆ ನಿಜ ಹೇಳಲು ತನ್ನ ಗಂಡನಿಗೆ ಬರುವುದಿಲ್ಲ.

ಅದಕ್ಕಾಗಿ ಅವನನ್ನು ದೂರುವಂತಿರಲಿಲ್ಲ. ಪ್ರಾಗ್ ನಗರದ ಆ ಹಳೆಯ ವಠಾರದಲ್ಲಿ ಇಪ್ಪತ್ತು ವರ್ಷ ಅವರು ಬಾಳಿದ್ದೇ ಹಾಗೆ. ಅವನು ಬರೆದ ಪುಸ್ತಕ ಅಚ್ಚಾಗುವಂತಿರಲಿಲ್ಲ. ಆಡಿದ ಮಾತು ಮಾತ್ರ ಗೋಡೆಯೊಳಗೆ ಹುದುಗಿಸಿಟ್ಟ ಮೈಕಿನಿಂದ ನೇರ ಪೊಲೀಸರ ಕಡತ ಸೇರುತ್ತಿತ್ತು. ಹಗಲು ಬಾಯ್ಲರಿಗೆ ಕಲ್ಲಿದ್ದಲು ತುಂಬುವ ಕೆಲಸ ಮುಗಿಸಿ ಬಂದ ಒತಾಕರ್ ಅಡುಗೆಮನೆಯಲ್ಲಿ ಕೂತು ಹೆಂಡತಿಯೊಡನೆ ಹವೆಯ ಬಗ್ಗೆ, ಆಲೂಗಡ್ಡೆಯ ಬಗ್ಗೆ, ಆಳುವ ಪಕ್ಷದ ಮಹಾಸಭೆ ಎಷ್ಟು ಅದ್ದೂರಿಯಾಗಿ ನಡೆಯಿತೆಂಬುದರ ಬಗ್ಗೆ ಗಟ್ಟಿಯಾಗಿ ಮಾತಾಡುವನು. ನಿಜವಾದ ಮಾತೇನಾದರೂ ಇದ್ದರೆ ಇಬ್ಬರೂ ಎದ್ದು ಬಚ್ಚಲಿಗೆ ಹೋಗಿ, ಸ್ನಾನದ ತೊಟ್ಟಿಯ ಅಂಚಿನ ಮೇಲೆ ಒತ್ತಿಕೊಂಡು ಕೂತು, ನಲ್ಲಿಯನ್ನು ಪೂರ್ತಿ ಬಿಡುವರು. ಒಬ್ಬರ ಕಿವಿಗೆ ಇನ್ನೊಬ್ಬರು ಬಾಯಿ ಹಚ್ಚಿ ಕೂಗಬೇಕು. ಮುದ್ದಿನ ಮಾತು, ಅತ್ತೆಯ ಮೇಲಿನ ದೂರು, ಸರ್ಕಾರ ಬಿದ್ದುಹೋಗಲೆಂಬ ಹಾರೈಕೆ, ಎಲ್ಲವೂ ಆ ಸದ್ದಿನ ಮರೆಯಲ್ಲೇ. ಬ್ಲಾಝೆನಾ ತನ್ನ ಜಪಮಾಲೆಯನ್ನೂ ಬಚ್ಚಲ ಕನ್ನಡಿಯ ಮೊಳೆಗೇ ತೂಗುಹಾಕಿದ್ದಳು. ಅಷ್ಟು ವರ್ಷ ದೇವರು ತನ್ನ ದನಿಯನ್ನು ಹರಿಯುವ ನೀರಿನಿಂದ ಹೆಕ್ಕಿ ಹೆಕ್ಕಿ ಕೇಳಿಸಿಕೊಂಡನೆಂದೇ ಅವಳು ನಂಬಿದ್ದಳು.

ಆಮೇಲೆ ಒಂದು ನವೆಂಬರಿನಲ್ಲಿ ಜನ ಚೌಕದಲ್ಲಿ ನಿಂತು, ನಿಮ್ಮ ಕಾಲ ಮುಗಿಯಿತು ಹೊರಡಿ ಎಂಬಂತೆ ಬೀಗದಕೈ ಗೊಂಚಲುಗಳನ್ನು ಅಲ್ಲಾಡಿಸಿದರು, ಸರ್ಕಾರ ಬಿದ್ದಿತು. ಡಿಸೆಂಬರಿನಲ್ಲಿ ಒತಾಕರನನ್ನು ನದಿಯಾಚೆಯ ಗುಡ್ಡದ ಮೇಲಿನ ಕೋಟೆಗೆ ಕರೆದೊಯ್ದು ಕೂರಿಸಿದರು.

ಮಂತ್ರಿಮಂಡಲದ ಮೊದಲ ಸಭೆ ಚಿನ್ನದ ಬಣ್ಣ ಬಳಿದ ಸಭಾಂಗಣದಲ್ಲಿ ಸೇರಿತು. ಮಂತ್ರಿಗಳೆಲ್ಲ ಅವನಂಥವರೇ, ನಿನ್ನೆಯವರೆಗೆ ಕಿಟಕಿ ಗಾಜು ಒರೆಸಿದವರು, ಹಾಲಿನ ಕ್ಯಾನು ಎತ್ತಿದವರು. ಒತಾಕರ್ ಎದ್ದುನಿಂತು ಬಾಯಿ ತೆರೆದ. ಬಂದದ್ದು ಮೈಕಿಗಾಗಿ ಆಡುತ್ತಿದ್ದ ಆ ಹಳೆಯ ಮಾತೇ: "ಸಂಗಾತಿಗಳೇ, ನಮ್ಮ ಜನತೆಯ ಸೃಜನಶೀಲ ದುಡಿಮೆಯ ಫಲವಾಗಿ ಯೋಜನೆಯ ಗುರಿಗಳು ಎಲ್ಲ ಕ್ಷೇತ್ರಗಳಲ್ಲೂ..." ಮಂತ್ರಿಗಳು ತಲೆದೂಗಿದರು. ಹಣಕಾಸು ಮಂತ್ರಿ ಅದೇ ರಾಗದಲ್ಲಿ ಉತ್ತರ ಕೊಟ್ಟ. ಎಲ್ಲರ ಮುಖದಲ್ಲೂ ಬೆವರು. ಕೊನೆಗೆ ಒತಾಕರ್ ಮೆಲ್ಲನೆ ಕೇಳಿದ:

"ಇಲ್ಲಿ ಬಚ್ಚಲು ಎಲ್ಲಿದೆ?"

ಯಾರೂ ನಗಲಿಲ್ಲ. ಎಲ್ಲರೂ ಒಟ್ಟಿಗೆ ಎದ್ದರು.

ಕೋಟೆಯ ಶಿಷ್ಟಾಚಾರ ನೋಡಿಕೊಳ್ಳುತ್ತಿದ್ದವರು ಕ್ರಾತಿನಾ ಎಂಬ ಮುದುಕರು. ಹಿಂದೆ ಬಂದುಹೋದ ಸರ್ಕಾರಗಳನ್ನೆಲ್ಲ ಒಂದೇ ಮುಖಭಾವದಲ್ಲಿ ಸ್ವಾಗತಿಸಿ ಒಂದೇ ಮುಖಭಾವದಲ್ಲಿ ಬೀಳ್ಕೊಟ್ಟವರು. ಮರುದಿನದೊಳಗೆ ಅವರು ಬಚ್ಚಲಿನ ಆಸನ ವ್ಯವಸ್ಥೆ ಮಾಡಿಬಿಟ್ಟಿದ್ದರು. ಅಧ್ಯಕ್ಷರಿಗೆ ತೊಟ್ಟಿಯ ಅಂಚು. ವಿದೇಶಾಂಗ ಮಂತ್ರಿಗೆ ಮಖಮಲ್ಲಿನ ಹೊದಿಕೆ ಹಾಕಿದ ಕಮೋಡು. ಹಣಕಾಸು ಮಂತ್ರಿಗೆ ಬೇರೆಲ್ಲೂ ಜಾಗವಿಲ್ಲದ್ದರಿಂದ ತೊಟ್ಟಿಯೊಳಗೇ ಒಂದು ಸ್ಟೂಲು, ಮೊಣಕಾಲುದ್ದದ ರಬ್ಬರ್ ಬೂಟು. ಪ್ರತಿಯೊಬ್ಬರಿಗೂ ರಾಜಮುದ್ರೆಯ ಟವೆಲ್ಲು. ನೀರು ಬಿಟ್ಟೊಡನೆ ಮಾತು ಹೇಗೆ ಬಂತೆನ್ನುತ್ತೀರಿ! ಜಗಳ, ಬೈಗುಳ, ಕಣ್ಣೀರು. ಖಜಾನೆಯಲ್ಲಿ ಏನೂ ಇಲ್ಲವೆಂಬ ವರದಿ. ಒಬ್ಬರ ಕಿವಿಗೆ ಒಬ್ಬರು ಕೂಗುತ್ತ ಸರ್ಕಾರ ನಡೆಯಿತು.

ಇತ್ತ ಗುಡ್ಡದ ಕೆಳಗಿನ ಬೀದಿಗಳಲ್ಲಿ ನಲ್ಲಿಗಳು ಬತ್ತಿದವು. ಹೆಂಗಸರು ಬಕೆಟ್ಟು ಹಿಡಿದು ನದಿಯತ್ತ ನಡೆಯುವಾಗ ಬ್ಲಾಝೆನಾ ಅವರ ಮಾತು ಕೇಳಿಸಿಕೊಂಡಳು.

"ಇವತ್ತೂ ನೀರಿಲ್ಲ ಕಣ್ರೀ."

"ಇಲ್ದೇ ಇರ್ಲಿ ಬಿಡಿ. ಮೇಲ್ಗಡೆ ನಿಜ ಮಾತಾಡ್ತಿದಾರೆ."

"ಬೆಳಿಗ್ಗೆಯಿಂದ ಶುರು ಹಚ್ಕೊಂಡಿದಾರೆ. ನಮ್ಮನೆಯೋರು ಅರ್ಧ ಗಡ್ಡ ಕೆರ್ಕೊಂಡು ಹಂಗೇ ಕೂತಿದಾರೆ."

"ಹೋದ ಸರ್ಕಾರದಲ್ಲಿ ನೋಡಿ, ದಿನವೆಲ್ಲಾ ಧೋ ಅಂತ ಬರ್ತಿತ್ತು. ಕರ್ಮ!"

ಬ್ಲಾಝೆನಾ ನಕ್ಕಳು. ಆದರೆ ಕ್ರಿಸ್‌ಮಸ್ಸಿಗೆ ಮುಂಚೆ ಅವಳ ಅಕ್ಕ ಯಾರ್ಮಿಲಾ ದ್ರೋಬಿನಾದಿಂದ ಫೋನು ಮಾಡಿದ ಮೇಲೆ ನಗು ಆರಿಹೋಯಿತು. ದ್ರೋಬಿನಾ ಒಂದು ಸಣ್ಣ ಊರು, ಅದರ ನೆತ್ತಿಯ ಮೇಲೆ ಒಂದು ಗೊಬ್ಬರದ ಕಾರ್ಖಾನೆ. ಅಕ್ಕನ ಮೊಮ್ಮಗು ಇನ್ನೂ ಕೂಸು. ಊರ ನೀರಿನಲ್ಲಿ ಹಾಲಿನ ಪುಡಿ ಕದಡಿ ಕುಡಿಸಿದರೆ ತುಟಿ ನೀಲಿಗಟ್ಟುತ್ತಿತ್ತು. ಡಾಕ್ಟರು ಹಿತ್ತಲಿಗೆ ಕರೆದು ಪಿಸುದನಿಯಲ್ಲಿ, ನೀರಿಗೆ ಸೇರಿದ ಗೊಬ್ಬರದ ವಿಷ ಕುದಿಸಿದರೂ ಹೋಗುವುದಿಲ್ಲವೆಂದು ಹೇಳಿ, ತಾನು ಹೇಳಿಲ್ಲವೆಂದೂ ಹೇಳಿದ್ದರು.

"ಹಂಗಾದ್ರೆ ಕುಡಿಸ್ಬೇಡಕ್ಕ!"

"ನಾನು ಕುಡ್ಸಲ್ಲ ಕಣೇ. ಸೊಸೆ ಕುಡಿಸ್ತಾಳಲ್ಲ. ಅವಳು ಕೆಲಸಕ್ಕೆ ಹೋಗೋದೇ ಆ ಕಾರ್ಖಾನೆಗೆ. ನೀರು ಅಮೃತ ಅಂತ ಸೀಲು ಹೊಡ್ದು ಬಾಗಿಲಿಗೆ ಕಾಗದ ಅಂಟಿಸಿದಾರೆ, ಅದನ್ನೇ ನಂಬ್ತಾಳೆ. ಊರೇ ನಂಬತ್ತೆ. ನಿನ್ನ ಮಾತು, ನನ್ನ ಮಾತು ಯಾರಿಗೆ ಬೇಕು? ನಿನ್ನ ಗಂಡ ಟೀವಿಲಿ ಹೇಳ್ಲಿ. ಅಧ್ಯಕ್ಷ ಅಲ್ವೇನೇ ಅವನು?"

ಅಂದು ಬಚ್ಚಲಿನಲ್ಲಿ ಬ್ಲಾಝೆನಾ ಗಂಡನ ಕಿವಿಗೆ ಎಲ್ಲ ಕೂಗಿ ಹೇಳಿದಳು. ಅವನು ಅತ್ತ. ಆದೇಶ ಹೊರಡಿಸುತ್ತೇನೆಂದ. ಹೊರಡಿಸಿಯೂ ಬಿಟ್ಟ. ಆದರೆ ಬಚ್ಚಲಿನಲ್ಲಿ ತೀರ್ಮಾನವಾದ ಆದೇಶ ಕಚೇರಿಯ ಒಣ ಕೋಣೆಗೆ ಬಂದು ಟೈಪಾಗುವಷ್ಟರಲ್ಲಿ 'ದ್ರೋಬಿನಾದ ನೀರಿನ ಗುಣಮಟ್ಟವು ಪ್ರಗತಿಯ ಪಥದಲ್ಲಿದೆ' ಎಂದಾಗಿತ್ತು. ಉಳಿದದ್ದು ಒಂದೇ ದಾರಿ, ಹೊಸ ವರ್ಷದ ದಿನ ಮಧ್ಯಾಹ್ನ ಅಧ್ಯಕ್ಷರು ದೇಶಕ್ಕೆ ಮಾಡುವ ಭಾಷಣ.

ತಾಲೀಮು ನಡೆಯಿತು. ಟೀವಿಯವರು ಬಚ್ಚಲಲ್ಲೇ ಕ್ಯಾಮೆರಾ ಇಟ್ಟರು. ನಲ್ಲಿ ಬಿಟ್ಟರೆ ನೀರಿನ ಸದ್ದು ಬಿಟ್ಟು ಇನ್ನೇನೂ ಕೇಳದು. ನಿಲ್ಲಿಸಿದರೆ, "ಗೌರವಾನ್ವಿತ ನಾಗರಿಕರೇ, ಜಲಸಂಪತ್ತಿನ ಕ್ಷೇತ್ರದಲ್ಲಿ ಗಮನಾರ್ಹ ಸಾಧನೆ..." ಪಕ್ಕದ ಕೋಣೆಯಲ್ಲಿ ನಲ್ಲಿ ಬಿಟ್ಟು ನೋಡಿದರು, ಅಲ್ಲಿ ನಲ್ಲಿ ಬಿಟ್ಟ ಟೀವಿಯವನು ಅಳುತ್ತ ತನ್ನ ಪಾಪಗಳನ್ನೆಲ್ಲ ಒಪ್ಪಿಕೊಂಡನೇ ಹೊರತು ಅಧ್ಯಕ್ಷರಿಗೆ ಏನೂ ಆಗಲಿಲ್ಲ.

ಆಗ ಕ್ರಾತಿನಾ ಕೆಮ್ಮಿದರು. "ಅಧ್ಯಕ್ಷರೇ, ನೀರಿನ ಸದ್ದಿನೊಳಗಿಂದ ತಮ್ಮ ಮಾತು ಬಿಡಿಸಿ ಹೇಳಬಲ್ಲವರು ದೇಶದಲ್ಲಿ ಒಬ್ಬರಿದ್ದಾರೆ. ಹೊರಗೆ ಕೂರಿಸಿದೀನಿ."

ಒಳಗೆ ಬಂದವನು ಶುಸ್ತರ್. ಅವರ ವಠಾರದ ಮೇಲಿನ ಮಹಡಿಯಲ್ಲಿ ಕೂತು, ಕಿವಿಗೆ ಯಂತ್ರ ಹಚ್ಚಿಕೊಂಡು, ಅವರ ಮಾತನ್ನೆಲ್ಲ ಬರೆದುಕೊಳ್ಳುತ್ತಿದ್ದ ಪೊಲೀಸಿನವನು. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ.

"ನೀರು ಬಿಟ್ಟಾಗ್ಲೂ ನಿನಗೆ ಕೇಳಿಸ್ತಿತ್ತೇನಪ್ಪಾ?" ಒತಾಕರ್ ಕೇಳಿದ.

"ಅಲ್ಲೊಂದು ಇಲ್ಲೊಂದು ಕೇಳಿಸ್ತಿತ್ತು ಸ್ವಾಮಿ. ಮಿಕ್ಕಿದ್ದು ನಾನೇ ತುಂಬ್ತಿದ್ದೆ. ಖಾಲಿ ಹಾಳೆ ಕೊಟ್ರೆ ಮೇಲಿನೋರು ಬೈತಿದ್ರು."

"ಈ ಸರ್ಕಾರ ಗೆದ್ದಲು ಹಿಡಿದ ಮಂಚ ಅಂದಿದ್ದಕ್ಕೆ ನನ್ನ ಜೈಲಿಗೆ ಹಾಕಿದ್ರಲ್ಲ..."

"ಅದು ನಂದೇ ಸ್ವಾಮಿ," ಶುಸ್ತರ್ ನಾಚಿ ನೆಲ ನೋಡಿದ. "ತಾವು ಅವತ್ತು ಮಂಚದ ಕಾಲು ಅಲ್ಲಾಡ್ತಿದೆ ಅಂತ ಅಮ್ಮಾವ್ರಿಗೆ ಹೇಳ್ತಿದ್ರಿ."

"ವಾಕ್ಯ ಚೆನ್ನಾಗಿತ್ತು," ಎಂದ ಒತಾಕರ್. "ಕೋರ್ಟಲ್ಲಿ ಓದಿದಾಗ ನಾನೂ ಹೆಮ್ಮೆ ಪಟ್ಕೊಂಡಿದ್ದೆ."

"ಈಗ ಕಥೆ ಬರೀತಿದೀನಿ ಸ್ವಾಮಿ. ತಾವೊಂದು ಮುನ್ನುಡಿ..."

"ಮೊದ್ಲು ಇವನನ್ನ ಆಚೆ ಕಳಿಸಿ," ಎಂದಳು ಬ್ಲಾಝೆನಾ. "ಇವನ ಬಾಯಿಗೆ ಬಿದ್ರೆ ದ್ರೋಬಿನಾದ ನೀರು ಇನ್ನೇನೋ ಕಥೆಯಾಗ್ಬಿಡತ್ತೆ."

ಹೊಸ ವರ್ಷದ ಬೆಳಿಗ್ಗೆ ಅವಳು ಕೋಟೆಯೊಳಗಿನ ದೊಡ್ಡ ಚರ್ಚಿಗೆ ಒಬ್ಬಳೇ ಹೋದಳು. ಕಲ್ಲಿನ ಕಂಬಗಳ ನಡುವೆ ಹೊರಗಿನದಕ್ಕಿಂತ ಹೆಚ್ಚು ಚಳಿ. ಮೊಣಕಾಲೂರಿದಳು. ಪ್ರಾರ್ಥನೆ ಬರಲಿಲ್ಲ. ಬಾಯಿಪಾಠದ ಸಾಲುಗಳಷ್ಟೇ ಬಂದವು. ಹಾಗಾದರೆ ಈ ರೋಗ ತನಗೂ ಇದೆಯೇ ಎಂದು ಅವಳಿಗೆ ಭಯವಾಯಿತು. ತುಂಬ ಹೊತ್ತು ಸುಮ್ಮನೆ ಇದ್ದಳು. ಆ ಮೌನ ನಿಧಾನವಾಗಿ ಅವಳನ್ನು ಸುತ್ತಿಕೊಂಡಿತು. ಅದು ಯಾರೋ ಕದ್ದು ಕೇಳುವ ಮೌನವಾಗಿರಲಿಲ್ಲ. ನೋವಿನವರ ಎದುರು ಕೂತು ಅವರು ಬಾಯಿ ಬಿಡಲೆಂದು ಕಾಯುವ ಹಿರಿಯರ ಮೌನದಂತಿತ್ತು. ಇಷ್ಟು ವರ್ಷ ದೇವರೂ ನೀರಿನ ಸದ್ದಿಗೆ ಬೇಸತ್ತಿರಬಹುದು ಪಾಪ, ಎನ್ನಿಸಿತು ಅವಳಿಗೆ. "ಸ್ವಾಮಿ, ಆ ಕೂಸು ಉಳೀಬೇಕು," ಎಂದಳು. ಗಟ್ಟಿಯಾಗಿಯೇ ಅಂದಳು. ಮಾತು ಕಲ್ಲಿನ ಚಾವಣಿಯವರೆಗೆ ಹೋಗಿ ಹಿಂದಿರುಗಿ ಬಂತು. ಅವಳನ್ನು ಹಿಡಿಯಲು ಯಾರೂ ಬರಲಿಲ್ಲ.

ಮಧ್ಯಾಹ್ನ ಗ್ರಂಥಾಲಯದ ಕೋಣೆಯಲ್ಲಿ ದೀಪಗಳು ಹೊತ್ತಿಕೊಂಡವು. ಇಡೀ ದೇಶ ಟೀವಿಯ ಮುಂದಿತ್ತು. ಒತಾಕರ್ ದೊಡ್ಡ ಕುರ್ಚಿಯಲ್ಲಿ ಕೂತು ಆರಂಭಿಸಿದ: "ಗೌರವಾನ್ವಿತ ನಾಗರಿಕರೇ, ಕಳೆದ ವರ್ಷ ನಮ್ಮ ಜಲಸಂಪತ್ತು..." ನಾಲಿಗೆ ತನ್ನ ಪಾಡಿಗೆ ತಾನು ಓಡುತ್ತಿತ್ತು; ಕಣ್ಣು ಮಾತ್ರ ಮುಳುಗುವವನ ಕಣ್ಣಿನಂತೆ ಹೆಂಡತಿಯನ್ನು ಹುಡುಕುತ್ತಿತ್ತು.

ಬ್ಲಾಝೆನಾ ಕ್ಯಾಮೆರಾದ ಮುಂದೆಯೇ ಹಾದುಹೋಗಿ ಅವನ ಕುರ್ಚಿಯ ತೋಳಿನ ಮೇಲೆ ಕೂತಳು. ತೊಟ್ಟಿಯ ಅಂಚಿನ ಮೇಲೆ ಕೂರುವ ಹಾಗೆಯೇ. ಕ್ರಾತಿನಾ ಮೂಲೆಯಲ್ಲಿ ಕಣ್ಣು ಮುಚ್ಚಿಕೊಂಡರು.

"ನನ್ನ ಕಿವೀಲಿ ಹೇಳು," ಎಂದಳು.

"ಎಲ್ಲಾರೂ ನೋಡ್ತಿದಾರೆ ಮಾರಾಯ್ತಿ."

"ಇಷ್ಟು ವರ್ಷ ಕದ್ದು ಕೇಳಿದ್ರಲ್ಲ, ಇವತ್ತು ನೋಡ್ಲಿ."

ಅವನು ಅವಳ ಕಿವಿಗೆ ಬಾಯಿ ಹಚ್ಚಿದ. ಅವಳು ಕೇಳಿಸಿಕೊಂಡು, ನೆಟ್ಟಗೆ ಕೂತು, ದೇಶಕ್ಕೆ ಹೇಳಿದಳು: "ದ್ರೋಬಿನಾದಲ್ಲಿ ಯಾರೂ ನಲ್ಲಿ ನೀರು ಕುಡೀಬೇಡಿ ಅಂತಾರೆ." ಮತ್ತೆ ಪಿಸುಮಾತು. "ಕುದಿಸಿದ್ರೂ ಬೇಡ ಅಂತಾರೆ." ಮತ್ತೆ. "ಕಾರ್ಖಾನೆಯೋರು ಅಂಟಿಸಿರೋ ಕಾಗದ ಸುಳ್ಳಂತೆ. ಇವತ್ತು ಸಂಜೆಯಿಂದ ಸೈನ್ಯದ ಟ್ಯಾಂಕರಲ್ಲಿ ಒಳ್ಳೇ ನೀರು ಬರತ್ತಂತೆ."

ಅವನು ಇನ್ನೇನೋ ಪಿಸುಗುಟ್ಟಿದ. ಅವಳು ಅವನ ಮುಖ ನೋಡಿ ತಲೆಯಾಡಿಸಿದಳು. "ಇದನ್ನ ನಾನು ಹೇಳಲ್ಲ. ನೀನೇ ಹೇಳು."

ದೇಶವೆಲ್ಲ ಕಾಯಿತು. ಹೆಂಡತಿಯ ಕೈ ಅವನ ಬೆನ್ನ ಮೇಲಿತ್ತು.

"ಇದು ನನಗೆ ಕ್ರಿಸ್‌ಮಸ್ಸಿಗೆ ಮೊದಲೇ ಗೊತ್ತಿತ್ತು," ಎಂದ. "ಹೇಳಲಿಲ್ಲ. ಹೇಳೋಕೆ ಬಾಯಿ ಬರಲಿಲ್ಲ. ಆ ದಿನಗಳಲ್ಲೂ ನಿಮ್ಮ ಮಕ್ಕಳು ಅದೇ ನೀರು ಕುಡಿದ್ರು." ಅಷ್ಟೇ. ಬಾಯಿ ಒಣಗಿಹೋಗಿತ್ತು, ಆದರೂ ಮಾತು ಬಂದಿತ್ತು.

ದೀಪ ಆರುವ ಮೊದಲೇ ಫೋನು ಹೊಡೆದುಕೊಂಡಿತು. ಯಾರ್ಮಿಲಾ.

"ಅಲ್ವೇ, ಹೇಳೋರು ಅಡುಗೆಗೆ ಮುಂಚೆ ಹೇಳ್ಬಾರ್ದಿತ್ತೇನೇ? ಬೇಳೆ ಬೆಂದು ಒಲೆ ಮೇಲಿದೆ!"

ಹೊಸ ವರ್ಷದ ದಿನ ಮಸೂರ ಬೇಳೆ ತಿನ್ನದ ಮನೆ ಆ ನಾಡಿನಲ್ಲಿಲ್ಲ. ತಿಂದರೆ ವರ್ಷವಿಡೀ ಕೈಯಲ್ಲಿ ಕಾಸು ಆಡುತ್ತದೆ.

"ಅದೇ ನೀರಲ್ಲಿ ಬೇಯಿಸಿದ್ಯಾ?"

"ಇನ್ಯಾವ ನೀರು, ನಿನ್ನ ಗಂಡ ಕಳಿಸಿದ್ದಾ?"

"ಚೆಲ್ಲಕ್ಕ."

"ಹೊಸ ವರ್ಷದ ಬೇಳೆ ಚೆಲ್ಲೋದಾ! ತಲೆ ಕೆಟ್ಟಿದ್ಯಾ ನಿಂಗೆ?"

"ಸೊಸೆ ಏನಂತಾಳೆ?"

"ಏನೂ ಅಂತಿಲ್ಲ ಕಣೇ. ಪಾತ್ರೆ ಎತ್ಕೊಂಡು ಬಾಗಿಲು ತೆಗೀತಿದಾಳೆ... ಅಯ್ಯೋ, ಸುರಿದೇಬಿಟ್ಲು. ಪಕ್ಕದ್ಮನೆ ಮುದುಕನೂ ಪಾತ್ರೆ ಹಿಡ್ಕೊಂಡು ಆಚೆ ಬಂದ. ಎದುರು ಮನೆಯೋಳೂ... ಬ್ಲಾಝೆನಾ, ಬೀದಿಯುದ್ದಕ್ಕೂ ಹಿಮದ ಮೇಲೆಲ್ಲಾ ಬೇಳೆ ಕಣೇ, ಹೊಗೆಯಾಡ್ತಿದೆ."

ಬ್ಲಾಝೆನಾ ಫೋನನ್ನು ಎದೆಗೊತ್ತಿಕೊಂಡು ಗಂಡನತ್ತ ತಿರುಗಿದಳು. "ಚೆಲ್ಲಿದ್ರಂತೆ. ಹೊಸ ವರ್ಷದ ಬೇಳೇನ."

"ಯಾರು?"

"ಊರಿಗೂರೇ."

"ನಂಬ್ಬಿಟ್ರಾ?" ಎಂದ ಒತಾಕರ್. ಜೈಲಿಗೆ ಹೋದ ದಿನವೂ ಅವನ ಮುಖದಲ್ಲಿ ಅಂಥ ಗಾಬರಿಯನ್ನು ಅವಳು ಕಂಡಿರಲಿಲ್ಲ. "ಹಾಗಾದ್ರೆ ಆ ಟ್ಯಾಂಕರು... ಬ್ಲಾಝೆನಾ, ಟ್ಯಾಂಕರು ಕಳಿಸೋಕೆ ನಾನು ಯಾರಿಗೂ ಹೇಳೇ ಇಲ್ಲ!"

ಅವಳ ಕೈಯಿಂದ ಫೋನು ಕಿತ್ತುಕೊಂಡು ಅಕ್ಕನ ಮಾತನ್ನು ಅರ್ಧಕ್ಕೇ ಕಡಿದ. ಸೈನ್ಯದ ಠಾಣ್ಯಕ್ಕೆ ಹಚ್ಚಿದ. ಕೋಣೆಯಲ್ಲಿ ಹನಿ ನೀರಿನ ಸದ್ದಿರಲಿಲ್ಲ. ಅವನು ಮಾತ್ರ ಅಭ್ಯಾಸಬಲದಿಂದ ಬಚ್ಚಲಿನಲ್ಲಿ ಕೂಗಿದಂತೆಯೇ ಕೂಗಿದ:

"ದ್ರೋಬಿನಾಕ್ಕೆ ನೀರು ಬೇಕು! ಇವತ್ತೇ! ಈಗ್ಲೇ! ಮಕ್ಕಳು ಕುಡಿಯೋ ನೀರು!"

"ಕೇಳಿಸ್ತಿದೆ ಸ್ವಾಮಿ," ಎಂದಿತು ಆ ಕಡೆಯ ದನಿ. "ಸ್ವಲ್ಪ ಮೆಲ್ಲಗೆ ಹೇಳಿ, ಕಿವಿ ಹೋಗತ್ತೆ. ಎಷ್ಟು ಮನೆ ಇದಾವೆ?"