ಹಳದಿ ಕೋಟಿನ ಬೆಲ್ಟು

ನೀರು ಇನ್ನೂ ಸ್ವಲ್ಪ ಬೆಚ್ಚಗಿರಬೇಕು, ತನ್ನ ಪಾರ್ಲರಿನ ತಲೆ ತೊಳೆಯುವ ಬೋಗುಣಿಯ ಮುಂದೆ ನಿಂತು ವರ್ನಾ ಮಣಿಕಟ್ಟಿನ ಮೇಲೆ ಬಿಟ್ಟುಕೊಂಡು ನೋಡಿದಳು, ಮಿಸ್ ಐಡೆಲ್ ಅವರ ನೆತ್ತಿ ಹಸುಗೂಸಿನದರಂತೆ, ಬಿಸಿ ತಾಳುವುದಿಲ್ಲ, ತಣ್ಣಗಾದರೆ ವಾರವಿಡೀ ನೆಗಡಿ ಅನ್ನುತ್ತಾರೆ — ಅಗೋ ಮತ್ತೆ ಅದೇ ಹಾಡು, ರೇಡಿಯೋದವನಿಗೆ ಬೇರೆ ಕೆಲಸವೇ ಇಲ್ಲ, ಗಿಟಾರು ಮಿಡಿದದ್ದೇ ತಡ ಕೂದಲು ಒಣಗಿಸುವ ಡ್ರೈಯರ್ ಟೋಪಿಯ ಕೆಳಗೆ ಕೂತಿದ್ದ ನೋವಲೀನ್ ಅದನ್ನು ಮೇಲಕ್ಕೆತ್ತಿ ಕಿವಿ ಹೊರಗೆ ಚಾಚಿದಳು, ಹಾಡುತ್ತಿರುವವನು ಗಾರ್ಲಂಡ್, ಹೋದ ವರ್ಷದವರೆಗೂ ವರ್ನಾಳ ಗಂಡನಾಗಿದ್ದ ಗಾರ್ಲಂಡ್, ಊಟದ ಮೇಜಿನಲ್ಲಿ ಉಪ್ಪು ಕೊಡು ಅನ್ನುವುದಕ್ಕೂ ಬಾಯಿ ಬಿಡದವನು ಈಗ ಇಡೀ ಟೆನೆಸ್ಸಿಗೆ ಕೇಳುವ ಹಾಗೆ ಎದೆ ತೋಡಿಕೊಳ್ಳುತ್ತಿದ್ದಾನೆ, ಹಳದಿ ಕೋಟು ತೊಟ್ಟು ಹೊರಟಳು, ಬೆಲ್ಟು ಕಾರಿನ ಬಾಗಿಲಿಗೆ ಸಿಕ್ಕಿತು, ಜಲ್ಲಿಯ ಮೇಲೆ ಎಳೆದುಕೊಂಡು ಹೋಯಿತು, ಯಾರಾದರೂ ಅವಳಿಗೆ ಹೇಳಿ — ಊರಿಗೆ ಊರೇ ಅಳುತ್ತಿದೆ ಈ ಸಾಲಿಗೆ, ಲಾರಿ ಓಡಿಸುವ ಗಂಡಸರೂ ಮೂಗು ಒರೆಸಿಕೊಳ್ಳುತ್ತಾರೆ, ಅತ್ತು ಮುಗಿಸಿ ಎಲ್ಲರೂ ಆ ಬಿಟ್ಟು ಹೋದವಳು ಇವಳೇ ಅಂತ ವರ್ನಾಳ ಕಡೆ ತಿರುಗಿ ನೋಡುತ್ತಾರೆ, ಭಾನುವಾರ ಚರ್ಚಿನ ಊಟಕ್ಕೆ ಅವಳು ಒಯ್ದ ಆಲೂಗಡ್ಡೆ ಸಲಾಡಿನಲ್ಲಿ ಚಮಚ ನೆಟ್ಟದ್ದು ನೆಟ್ಟ ಹಾಗೇ ನಿಂತಿತ್ತು, ಯಾರೂ ಮುಟ್ಟಲಿಲ್ಲ, ಶುಕ್ರವಾರದ ಗಿರಾಕಿಗಳು ಒಬ್ಬೊಬ್ಬರಾಗಿ ಹೆದ್ದಾರಿ ಪಕ್ಕದ ಹೊಸ ಪಾರ್ಲರಿನ ದಾರಿ ಹಿಡಿದರು, ಹೀಗೇ ನಡೆದರೆ ಚಳಿಗಾಲದೊಳಗೆ ಅಂಗಡಿಗೆ ಬೀಗ. ಮಿಸ್ ಐಡೆಲ್ ಮಾತ್ರ ತಪ್ಪದೆ ಬರುತ್ತಾರೆ, ಸತ್ತ ಮೇಲೆ ಪೆಟ್ಟಿಗೆಯಲ್ಲಿ ಮಲಗಿಸುವ ಮುಂಚೆ ತಮ್ಮ ತಲೆಗೂದಲು ಸೆಟ್ ಮಾಡುವವಳು ವರ್ನಾನೇ ಅಂತ ಎಂದೋ ಮಾತಾಗಿದೆ, ಹಿಂದೆ ಚಪ್ಪಟೆ ಆದ್ರೂ ಪರವಾಗಿಲ್ಲ ಕಣೇ, ದಿಂಬಿಗೆ ಆನಿಸಿರ್ತಾರೆ, ಮುಂದೆ ಮಾತ್ರ ಎತ್ತರ ಇರ್ಲಿ, ಅಂದಿದ್ದರು. ನೋವಲೀನ್ ಬರುವುದು ಸುದ್ದಿಗೆ.

ಆದರೆ ವರ್ನಾಳಿಗೆ ಹಳದಿ ಕೋಟೇ ಇರಲಿಲ್ಲ. ಹಳದಿ ತೊಟ್ಟರೆ ಕಾಮಾಲೆಯವಳ ಹಾಗೆ ಕಾಣ್ತೀಯ ಅಂತ ಹೆತ್ತ ತಾಯಿಯೇ ಹೇಳಿದ್ದರು, ಅಂದಿನಿಂದ ಹಳದಿಯ ಗೊಡವೆಗೇ ಹೋಗಿಲ್ಲ, ಅದೂ ಅಲ್ಲದೆ ಅವಳು ಮನೆ ಬಿಟ್ಟದ್ದು ಜುಲೈನಲ್ಲಿ, ಬೆವರು ಕಿತ್ತುಕೊಂಡು ಬರುವ ಮಧ್ಯಾಹ್ನ, ತೆಳು ಹತ್ತಿ ಫ್ರಾಕು, ಅವಳ ಕನ್ನಡಿ ಒಡೆಯದ ಹಾಗೆ ರಜಾಯಿ ಸುತ್ತಿ ಕಾರಿಗೇರಿಸಿದ್ದು ಗಾರ್ಲಂಡನೇ, ಟೈರಿಗೆ ಗಾಳಿ ನೋಡಿದ್ದೂ ಅವನೇ, ಸೇತುವೆ ಹತ್ರ ನಿಧಾನ ಅಂದ, ಅಷ್ಟೇ, ಅಷ್ಟು ಮಾತಾಡಿದ್ದೇ ಹೆಚ್ಚು, ಆ ಮೌನದ ಜೊತೆ ಬಾಳಲಾರದೆ ತಾನೇ ಅವಳು ಹೊರಟದ್ದು — ಹಾಗಾದರೆ ಈ ಕೋಟು ಯಾರದು? ಹಲ್ಲಿನ ಸಂದಿಯ ಜೋಳದ ಸಿಪ್ಪೆಯ ಹಾಗೆ ಈ ಪ್ರಶ್ನೆ, ನಾಲಿಗೆ ಅಲ್ಲಿಗೇ ಹೋಗುತ್ತದೆ, ತನಗಿಂತ ಮುಂಚೆ ಒಬ್ಬಳಿದ್ದಳೇ, ತಾನಿದ್ದಾಗಲೇ ಇದ್ದಳೇ, ಬಿಟ್ಟು ಬಂದವಳಿಗೆ ಹೊಟ್ಟೆಕಿಚ್ಚು ಯಾತಕ್ಕೆ ಅಂತ ಬೈದುಕೊಂಡರೂ ಹೊಟ್ಟೆ ಕೇಳಬೇಕಲ್ಲ. ಶಾಂಪೂ ಹಾಕಿ ನೊರೆ ಬರಿಸುತ್ತಾಳೆ, ಮಿಸ್ ಐಡೆಲ್ ಹಾಯಾಗಿ ಕಣ್ಣು ಮುಚ್ಚಿದ್ದಾರೆ, ಎರಡನೆಯ ಚರಣ ಶುರುವಾಯಿತು, ಓಡಿದೆ ನಾನು ಓಡಿದೆ ಧೂಳಿನಲಿ, ಬೆಲ್ಟು ಹೊರಗಿದೆ, ನಿನ್ನ ಬೆಲ್ಟು ಹೊರಗಿದೆ — ಬೆರಳು ನಿಂತವು. ಹೆಂಡತಿ ಬಿಟ್ಟು ಹೋಗುವಾಗ ಯಾವ ಗಂಡಸು ಬೆಲ್ಟಿನ ಹಿಂದೆ ಓಡುತ್ತಾನೆ, ಹೋಗಬೇಡ ಅನ್ನುತ್ತಾನೆ, ಹಾಳಾಗಿ ಹೋಗು ಅನ್ನುತ್ತಾನೆ, ಬೆಲ್ಟು ಕೊಳೆಯಾಗುತ್ತಿದೆ ಅಂತ ಓಡುವವನು, ಹೋದವಳು ಸಂಜೆಗೆ ಬಂದೇ ಬರುತ್ತಾಳೆ ಅಂದುಕೊಂಡವನು, ಕೋಟು ಹಾಳಾದರೆ ಅವಳಿಗೆ ಬೇಸರವಾದೀತು ಅಂದುಕೊಂಡವನು — ದೇವರೇ, ಮೇ ತಿಂಗಳು, ಸಮಾಧಿಗಳಿಗೆ ಹೂವಿಡುವ ಭಾನುವಾರ, ವರ್ಷವರ್ಷವೂ ಗುಡ್ಡದಾಚೆಯ ಗಾರ್ಲಂಡನ ಊರಿಗೆ ಹೋಗುತ್ತಿದ್ದರು, ಹುಲ್ಲು ಕಿತ್ತು ಅವನ ಅಪ್ಪನ ಸಮಾಧಿ ಕಲ್ಲಿಗೆ ಹೂವು, ಅಜ್ಜಿಯ ಕಲ್ಲಿಗೆ ಹೂವು, ಅಪ್ಪನ ಮಗ್ಗುಲಲ್ಲಿ ಕಲ್ಲಿಲ್ಲದ ಖಾಲಿ ಜಾಗ, ನಿಮ್ಮಮ್ಮ ಎಲ್ಲಿ ಅಂತ ಕೇಳಿದ್ದಕ್ಕೆ ಒಹಾಯೋದಲ್ಲಿ ಮಣ್ಣು ಮಾಡಿದ್ರು, ನಾನಿನ್ನೂ ಶಾಲೆಗೂ ಸೇರಿರ್ಲಿಲ್ಲ, ಅಂದಿದ್ದ, ಅವಳೂ ನಂಬಿದ್ದಳು, ಗಂಡನ ಮಗ್ಗುಲಲ್ಲಿ ಜಾಗ ಕಾದಿಟ್ಟು ಹೆಂಡತಿಯನ್ನು ಪರರಾಜ್ಯದಲ್ಲಿ ಹೂಳುವವರು ಈ ಗುಡ್ಡಗಳಲ್ಲಿ ಉಂಟೇ ಅಂತ ಯೋಚಿಸಲೇ ಇಲ್ಲ. ಇನ್ನೊಂದು, ಇಷ್ಟು ವರ್ಷ ಕಣ್ಣೆದುರಿಗೇ ಇದ್ದದ್ದು, ಅವಳು ಕಾರು ಹತ್ತಿದಾಗಲೆಲ್ಲ ಅವನು ಬಗ್ಗಿ ಲಂಗದ ಅಂಚನ್ನು ಒಳಗೆ ಸೇರಿಸಿ ಆಮೇಲೇ ಬಾಗಿಲು ಹಾಕುತ್ತಿದ್ದ, ನಿನ್ನ ಕಾರಿನ ಬಣ್ಣ ಏನೂ ಕೆಡಲ್ಲ ಬಿಡೋ ಅಂತ ಅವಳು ಸಿಡುಕುತ್ತಿದ್ದಳು, ಆ ಜುಲೈ ಮಧ್ಯಾಹ್ನವೂ ಬಗ್ಗಿದ್ದ, ಫ್ರಾಕಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಒಳಗಿಟ್ಟು, ತನ್ನನ್ನು ಬಿಟ್ಟು ಹೋಗುತ್ತಿದ್ದವಳ ಬಾಗಿಲನ್ನು ಮೆತ್ತಗೆ ಮುಚ್ಚಿದ್ದ.

ಹಾಡು ಮುಗಿಯಿತು, ನೋವಲೀನ್ ಕಣ್ಣೊರೆಸಿಕೊಂಡು, ಕೇಳ್ದೆ ಅಂತ ಬೇಜಾರು ಮಾಡ್ಕೋಬೇಡ ಚಿನ್ನಾ, ಆ ಕೋಟು ಈಗ್ಲೂ ಇದ್ಯಾ ನಿನ್ ಹತ್ರ, ಅಂದಳು. ಒಂದೇ ಮಾತು ಸಾಕು, ಅದು ನನ್ನದಲ್ಲ, ಅವನಮ್ಮನದು, ಅವಳು ಸತ್ತಿಲ್ಲ, ಬಿಟ್ಟು ಹೋದಳು, ಈ ನೋವಲೀನ್ ಕೈಗೆ ಕೊಟ್ಟರೆ ಸಂಜೆಯೊಳಗೆ ಗುಡ್ಡದ ಎರಡೂ ಕಡೆ ಹಬ್ಬುತ್ತದೆ, ಗಿರಾಕಿಗಳು ಮರಳುತ್ತಾರೆ, ಸಲಾಡು ಖಾಲಿಯಾಗುತ್ತದೆ, ಅವನು ಮಾತ್ರ, ಹಾಸಿಗೆಯಲ್ಲಿ ಹೆಂಡತಿಗೂ ಹೇಳಲಾರದೆ ಹೋದದ್ದನ್ನು ಪೆಟ್ರೋಲ್ ಬಂಕಿನಲ್ಲಿ ಕಂಡಕಂಡವರ ಬಾಯಲ್ಲಿ ಕೇಳಬೇಕಾಗುತ್ತದೆ. ಕೊಟ್ಬಿಟ್ಟೆ ಕಣೇ, ಚರ್ಚಿನ ಹಳೇಬಟ್ಟೆ ಡಬ್ಬಕ್ಕೆ, ಬೆಲ್ಟು ಪೂರ್ತಿ ಹಾಳಾಗಿತ್ತು, ಅಂದಳು ವರ್ನಾ. ಮಿಸ್ ಐಡೆಲ್ ಬೋಗುಣಿಯಿಂದಲೇ ಒಂದು ಕಣ್ಣು ತೆರೆದು, ನಿನ್ ಮೈಮೇಲೆ ಹಳದಿ ನಾನ್ಯಾವತ್ತೂ ನೋಡೇ ಇಲ್ವಲ್ಲೇ, ಅಂದರು, ಕಣ್ ಮುಚ್ಕೊಳ್ಳಿ ಮಿಸ್ ಐಡೆಲ್, ಒಳಗೆ ಸೋಪು ಹೋಗುತ್ತೆ, ಅಂದು ನೀರು ಬಿಟ್ಟಳು, ನೊರೆ ಇಳಿಯುತ್ತದೆ, ರೇಡಿಯೋದಲ್ಲಿ ಯಾರೋ ಗೊಬ್ಬರ ಮಾರುತ್ತಿದ್ದಾರೆ, ಅವಳ ಕೈ ತೊಳೆಯುತ್ತಲೇ ಇದೆ, ಧೂಳು, ಜಲ್ಲಿ, ಇನ್ನೂ ಶಾಲೆಗೆ ಸೇರದ ಒಬ್ಬ ಹುಡುಗ ಓಡುತ್ತಿದ್ದಾನೆ, ಕಾರು ದೂರವಾಗುತ್ತಿದೆ, ಬಾಗಿಲ ಕೆಳಗೆ ಹಳದಿ ಬೆಲ್ಟು, ಕಲ್ಲಿಂದ ಕಲ್ಲಿಗೆ ಹಾರುತ್ತಾ, ಹಳದಿ ಬೆಲ್ಟು —